ಓದಿದವರು ಹಿಡಿದ ದಾರಿ



ಒಬ್ಬ ಮನುಷ್ಯನು ಎಲ್ಲಿ ಓದಿದನು, ಯಾರಲ್ಲಿ ಓದಿದನು, ಓದಿದಮೇಲೆ ಯಾವ ಕೆಲಸವನ್ನು ಹಿಡಿದನು ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ದೊರೆತರೆ ಅವನ ಬಾಳಿನ ಅರ್ಧ ಚರಿತ್ರೆ ದೊರೆತಂತೆಯೇ ಸರಿ. ಒಂದು ಸೀಮೆಯ ಹಲವು ಮಂದಿಯ ವಿಷಯದಲ್ಲಿ ಈ ಪ್ರಶ್ನೆಗಳನ್ನು ಕೇಳಿದೆವಾದರೆ ಆ ಸೀಮೆಯ ವಿದ್ಯೆಯ ಚರಿತ್ರೆಯೇ ಕಣ್ಣಿಗೆ ಬೀಳುತ್ತದೆ. ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಎಂಬ ನಾಲ್ಕು ತಾಲ್ಲೂಕುಗಳನ್ನು ಎದುರಿಗಿಟ್ಟುಕೊಂಡು ಈ ವಿಷಯವನ್ನು ಸ್ವಲ್ಪ ವಿಚಾರಮಾಡೋಣ. ಇಂದು ಈ ನಾಲ್ಕು ತಾಲ್ಲೂಕುಗಳಲ್ಲಿಯೂ ಸರ್ಕಾರಿ ಪ್ರಥಮದರ್ಜೆ ಕಾಲೇಜುಗಳಿವೆ. ಅಲ್ಲಿ ಓದುವ ಹುಡುಗನನ್ನು ಯಾರಾದರೂ 'ಎಲ್ಲಿ ಓದುತ್ತೀಯಪ್ಪ?' ಎಂದು ಕೇಳಿದರೆ, ಅವನು ತಗ್ಗಿದ ದನಿಯಲ್ಲಿ ಉತ್ತರ ಹೇಳುವುದುಂಟು. ಮೈಸೂರಿಗೋ ಬೆಂಗಳೂರಿಗೋ ಹೋಗಲಾರದವನು ಊರಿನ ಕಾಲೇಜಿನಲ್ಲಿ ಉಳಿದನೆಂಬ ಭಾವನೆ ಜನರಲ್ಲಿ ಬೇರೂರಿದೆ. ಈ ಸಂಕೋಚಕ್ಕೆ ಕಾರಣವುಂಟೆ ಎಂಬುದೇ ನಮ್ಮ ಇಂದಿನ ಪ್ರಶ್ನೆ.

ಮೊದಲು ಹಿಂದಿನ ಸ್ಥಿತಿಯನ್ನು ನೋಡೋಣ. 1939ರಲ್ಲಿ ಮಂಡ್ಯ ಜಿಲ್ಲೆ ಏರ್ಪಡುವವರೆಗೆ ಈ ತಾಲ್ಲೂಕುಗಳೆಲ್ಲ ಮೈಸೂರು ಜಿಲ್ಲೆಗೇ ಸೇರಿದ್ದುವು. ಕಾಲೇಜಿನ ಮೆಟ್ಟಿಲನ್ನು ಹತ್ತಬೇಕೆಂದವನು ಮೈಸೂರಿಗೋ ಬೆಂಗಳೂರಿಗೋ ಹೋಗಲೇಬೇಕಾಗಿದ್ದಿತು. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾಗುವುದಕ್ಕೆ ಮುಂಚೆ ಪದವಿಯನ್ನು ಕೊಡುತ್ತಿದ್ದುದು ದೂರದ ಮದರಾಸು ವಿಶ್ವವಿದ್ಯಾನಿಲಯ. ಶ್ರೀರಂಗಪಟ್ಟಣದವನಿಗೆ ಮೈಸೂರು ಸಮೀಪ. ನಡುವೆ ರೈಲೂ ಇತ್ತು. ಅಕ್ಕಿಹೆಬ್ಬಾಳು ಅರಸೀಕೆರೆಯ ಕಡೆಯ ರೈಲುದಾರಿಯ ಮೇಲಿದೆ. ನಾಗಮಂಗಲ ಸೀಮೆಗಾದರೋ ಆ ಅನುಕೂಲವೂ ಇರಲಿಲ್ಲ; ಆ ತಾಲ್ಲೂಕಿನ ಬೆಳ್ಳೂರಿನ ಬಳಿ, ಬೆಂಗಳೂರಿನಿಂದ ಹಾಸನಕ್ಕೆ ಹೋಗುವ ರೈಲು ಓಡಲಾರಂಭಿಸಿದ್ದು 2017ರಲ್ಲಿ. ಊರು ಬಿಟ್ಟು ಬಂದ ಬಡ ಹುಡುಗನ ಊಟ ವಸತಿಗಳ ಪಾಡು ಬೇರೆ. ಕೆಲವರು ವಾರಾನ್ನದ ಮನೆಗಳನ್ನು ಗೊತ್ತುಮಾಡಿಕೊಂಡು, ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ ಎಂದು ಉಂಡು ಓದಿದರು. ಕೆಲವರಿಗೆ ತಮ್ಮ ತಮ್ಮ ಜನಾಂಗದವರು ನಡೆಸುತ್ತಿದ್ದ ವಿದ್ಯಾರ್ಥಿನಿಲಯಗಳು ಆಶ್ರಯವಾದುವು. ಹೀಗೆ ಓದು ಎಂದರೆ ಮೊದಲಿಗೆ ಊರನ್ನು ಬಿಡುವುದು ಎಂದೇ ಅರ್ಥವಾಗಿದ್ದಿತು.

ಈ ದಾರಿಯಲ್ಲಿ ಹೊರಟವರಲ್ಲಿ ಹಿರಿಯರು ಬಿ.ಎಂ. ಶ್ರೀಕಂಠಯ್ಯನವರು. ಅವರು 1884ರಲ್ಲಿ ಹುಟ್ಟಿದ್ದು ತುಮಕೂರು ಸೀಮೆಯ ಸಂಪಿಗೆಯೆಂಬ ತಾಯಿಯ ತವರಿನಲ್ಲಿ. ಮನೆತನದ ಊರು ನಾಗಮಂಗಲ ತಾಲ್ಲೂಕಿನ ಬೆಳ್ಳೂರು. ತಂದೆ ಮೈಲಾರಯ್ಯನವರು ಶ್ರೀರಂಗಪಟ್ಟಣದಲ್ಲಿ ವಕೀಲರಾಗಿದ್ದುದರಿಂದ ಬಾಲ್ಯದ ಓದು ಕಾವೇರಿಯ ನಡುವಣ ಆ ಊರಿನಲ್ಲಿಯೇ ನಡೆಯಿತು. ಮುಂದೆ ಅವರು ಮದರಾಸು ವಿಶ್ವವಿದ್ಯಾನಿಲಯದ ಬಿ.ಎ., ಬಿ.ಎಲ್., ಎಂ.ಎ. ಪದವಿಗಳನ್ನು ಪಡೆದರು. ನ್ಯಾಯಶಾಸ್ತ್ರದ ಪದವಿ ಕೈಯಲ್ಲಿದ್ದಿತು, ತಂದೆಯ ವೃತ್ತಿ ಕಣ್ಣೆದುರಿಗಿದ್ದಿತು. ಆದರೂ ಅವರು ವಕೀಲಿಯನ್ನು ಬಿಟ್ಟು ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಇಂಗ್ಲಿಷ್ ಬೋಧಿಸುವ ಉಪನ್ಯಾಸಕರಾದರು. ಇಂಗ್ಲಿಷನ್ನು ಕಲಿಸುತ್ತ ಕಲಿಸುತ್ತ, ಕನ್ನಡಕ್ಕೆ ಏನಾಗಬೇಕೆಂಬುದನ್ನು ತರುಣರ ಮನಸ್ಸಿನಲ್ಲಿ ನೆಟ್ಟರು. 1911ರಲ್ಲಿ ಧಾರವಾಡಕ್ಕೆ ಹೋಗಿ ಕನ್ನಡವು ತಲೆಯೆತ್ತುವ ಬಗೆಯನ್ನು ಕುರಿತು ಮಾತನಾಡಿದರು. ಇಂಗ್ಲಿಷ್ ಗೀತಗಳನ್ನು ಕನ್ನಡಕ್ಕೆ ತಂದರು. ವಿಶ್ವವಿದ್ಯಾನಿಲಯದ ರಿಜಿಸ್ಟ್ರಾರರೂ ಆದರು. ನಿವೃತ್ತರಾದಮೇಲೆ ಮನೆಯಲ್ಲಿ ವಿಶ್ರಾಂತಿಯಿಂದಿರಬಹುದಾಗಿದ್ದಿತು. ಅರುವತ್ತು ವರ್ಷ ವಯಸ್ಸಿನಲ್ಲಿ ಅವರು ಧಾರವಾಡದ ಹೊಸ ಕಾಲೇಜೊಂದಕ್ಕೆ ಮುಖ್ಯರಾಗಿ ಹೊರಟುಹೋದರು. 1946ರ ಜನವರಿಯಲ್ಲಿ ಅಲ್ಲಿಯೇ ತೀರಿಕೊಂಡರು. ಹೊಸದಾಗಿ ಏಳುತ್ತಿರುವ ಕಾಲೇಜು ದೊಡ್ಡ ಉಪಾಧ್ಯಾಯನಿಗೆ ತಕ್ಕ ಸ್ಥಳವಲ್ಲವೆಂದು ಅವರು ತಿಳಿಯಲಿಲ್ಲವೆಂಬ ಮಾತನ್ನು ನಾವು ನೆನಪಿನಲ್ಲಿಡಬೇಕು.

ಕೃಷ್ಣರಾಜಪೇಟೆ ತಾಲ್ಲೂಕಿನ ಅಕ್ಕಿಹೆಬ್ಬಾಳಿನ ಎ.ಎನ್. ಮೂರ್ತಿರಾಯರು 1900ರಲ್ಲಿ ಹುಟ್ಟಿದರು. ಶ್ರೀಕಂಠಯ್ಯನವರು ಬೋಧಿಸುತ್ತಿದ್ದ ಮಹಾರಾಜಾ ಕಾಲೇಜಿನಲ್ಲಿ ಇಂಗ್ಲಿಷ್ ಎಂ.ಎ. ಮಾಡಿ, ತಾವೂ ಇಂಗ್ಲಿಷ್ ಅಧ್ಯಾಪಕರಾದರು. ನಡುವೆ ಮೈಸೂರಿನ ಆಕಾಶವಾಣಿಯಲ್ಲಿಯೂ ಕೆಲಕಾಲ ಕೆಲಸಮಾಡಿದರು. ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲಿಯೇ ಆರಂಭಿಸಿದ ಆ ಬಾನುಲಿಗೆ ಕಾಲೇಜಿನ ಉಪಾಧ್ಯಾಯರೇ ಆಧಾರವಾಗಿದ್ದರು. ಗೋಪಾಲಸ್ವಾಮಿಯವರು ಸ್ವತಃ ಮನಶ್ಶಾಸ್ತ್ರದ ಪ್ರಾಧ್ಯಾಪಕರು. ಮೂರ್ತಿರಾಯರ 'ಹಗಲುಗನಸುಗಳು' 1937ರಲ್ಲಿ ಹೊರಬಂದಿತು. 'ದೇವರು' ಎಂಬ ಗ್ರಂಥ ಅವರ ತೊಂಬತ್ತನೆಯ ವಯಸ್ಸು ದಾಟಿದಮೇಲೆ ಬಂದಿತು. 2003ರಲ್ಲಿ, ನೂರಮೂರು ವರ್ಷ ತುಂಬಿದ್ದಾಗ ಅವರು ಕಾಲವಾದರು. ನಿವೃತ್ತಿವೇತನದ ಪತ್ರ ಕೈಗೆ ಬಂದ ದಿನವೇ ಉಪಾಧ್ಯಾಯನ ಕೆಲಸ ಮುಗಿಯುವುದಿಲ್ಲವೆಂಬುದಕ್ಕೆ ಅವರ ಬಾಳಿಗಿಂತ ಬೇರೆ ನಿದರ್ಶನ ಬೇಡ.

ಓದಿದವರೆಲ್ಲರೂ ಬೋಧಕರೇ ಆಗಲಿಲ್ಲ. ಮೇಲುಕೋಟೆಯ ಪು.ತಿ. ನರಸಿಂಹಾಚಾರ್ಯರು 1905ರಲ್ಲಿ ಹುಟ್ಟಿದವರು. ಮೈಸೂರಿನಲ್ಲಿ ತತ್ತ್ವಶಾಸ್ತ್ರವನ್ನೋದಿ ಬಿ.ಎ. ಆದರು. ಆದರೆ ದೊರೆತ ಉದ್ಯೋಗ ಯಾವುದು? ಮೈಸೂರು ಸಂಸ್ಥಾನದ ಸೈನ್ಯದ ಇಲಾಖೆಯಲ್ಲಿ ಗುಮಾಸ್ತೆಗಿರಿ! ತತ್ತ್ವಶಾಸ್ತ್ರಕ್ಕೂ ದಂಡಿನ ಲೆಕ್ಕಪತ್ರಕ್ಕೂ ಎಲ್ಲಿಯ ನಂಟು? ಆದರೂ ಆ ಕಾಗದಗಳ ನಡುವೆ ಇದ್ದುಕೊಂಡೇ ಅವರು 'ಹಣತೆ'ಯನ್ನು ಹಚ್ಚಿದರು. 'ಗೋಕುಲ ನಿರ್ಗಮನ', 'ಅಹಲ್ಯೆ'ಗಳಂತಹ ಗೀತನಾಟಕಗಳನ್ನು ರಚಿಸಿದರು. ಕೃಷ್ಣರಾಜಪೇಟೆ ತಾಲ್ಲೂಕಿನ ಕಿಕ್ಕೇರಿಯ ಕೆ.ಎಸ್. ನರಸಿಂಹಸ್ವಾಮಿಗಳದು ಇನ್ನೂ ಇಕ್ಕಟ್ಟಿನ ದಾರಿ. 1915ರಲ್ಲಿ ಹುಟ್ಟಿದ ಅವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿಗೆ ಸೇರಿದರು. ಪದವಿ ಮಾತ್ರ ಪೂರ್ತಿಯಾಗಲಿಲ್ಲ. ಸರ್ಕಾರದ ಕಚೇರಿಯಲ್ಲಿ ಗುಮಾಸ್ತರಾಗಿ ಸೇರಿ, ವರ್ಗವಾದ ಊರುಗಳಿಗೆ ಹೋಗುತ್ತ, 1970ರವರೆಗೆ ದುಡಿದರು. ಆ ದುಡಿಮೆಯ ಆರಂಭದ ವರ್ಷಗಳಲ್ಲಿಯೇ, 1942ರಲ್ಲಿ, 'ಮೈಸೂರ ಮಲ್ಲಿಗೆ' ಹೊರಬಂದಿತು. ಪದವೀಧರರಲ್ಲದ ಈ ಕವಿಯ ಪದ್ಯಗಳನ್ನು ಪದವಿ ತರಗತಿಗಳಲ್ಲಿ ಪಾಠಮಾಡಿದ ಉಪಾಧ್ಯಾಯರು ಎಷ್ಟು ಮಂದಿಯೋ! ಹೊಟ್ಟೆಯ ಪಾಡಿಗೆ ಹಿಡಿದ ಕೆಲಸವೊಂದು, ಮನಸ್ಸು ಹಿಡಿದ ಕೆಲಸವೊಂದು ಆದಾಗ ಮನುಷ್ಯನು ಕುಗ್ಗಿಹೋಗಬೇಕಾದುದಿಲ್ಲವೆಂಬುದನ್ನು ಇವರಿಬ್ಬರೂ ನಡೆದು ತೋರಿಸಿದ್ದಾರೆ.

ಶ್ರೀರಂಗಪಟ್ಟಣದ ಪಕ್ಕದ ಗಂಜಾಂ ಎಂಬ ಊರಿನ ಹೆಸರನ್ನು ತಮ್ಮ ಹೆಸರಿನ ಮೊದಲಕ್ಷರದಲ್ಲಿ ಹೊತ್ತವರು ಜಿ. ವೆಂಕಟಸುಬ್ಬಯ್ಯನವರು. ಹುಟ್ಟಿದ್ದು 1913ರಲ್ಲಿ. ಮಹಾರಾಜಾ ಕಾಲೇಜಿನಲ್ಲಿ ತಿ.ಸು. ವೆಂಕಣ್ಣಯ್ಯ ಮೊದಲಾದವರಲ್ಲಿ ಕನ್ನಡ ಎಂ.ಎ. ಓದಿದರು. ಅಷ್ಟು ಓದಿದವರಿಗೆ ಕೂಡಲೇ ಕಾಲೇಜಿನ ಕುರ್ಚಿ ಸಿಕ್ಕಲಿಲ್ಲ. ಮಂಡ್ಯದ ಶಾಲೆಯೊಂದರಲ್ಲಿ ಉಪಾಧ್ಯಾಯ ವೃತ್ತಿಯನ್ನಾರಂಭಿಸಿ, ಬೇರೆ ಪ್ರೌಢಶಾಲೆಗಳಲ್ಲಿಯೂ ಪಾಠ ಹೇಳಿ, ಬಳಿಕ ಬೆಂಗಳೂರಿನ ವಿಜಯಾ ಕಾಲೇಜಿಗೆ ಬಂದು, ಪ್ರಿನ್ಸಿಪಾಲರೂ ಆಗಿ 1973ರಲ್ಲಿ ನಿವೃತ್ತರಾದರು. ಕನ್ನಡ ಸಾಹಿತ್ಯ ಪರಿಷತ್ತಿನ ಬೃಹತ್ ನಿಘಂಟು ಎಂಟು ಸಂಪುಟಗಳಲ್ಲಿ 1995ರ ಹೊತ್ತಿಗೆ ಪೂರ್ತಿಯಾಯಿತಷ್ಟೆ. ಅದರ ಪ್ರಧಾನ ಸಂಪಾದಕತ್ವದ ಹೊರೆಯನ್ನು ಅವರು ಹೊತ್ತು ಮುಗಿಸಿದ್ದು ಈ ನಿವೃತ್ತಿಯ ಕಾಲದಲ್ಲಿ. 2021ರಲ್ಲಿ, ನೂರೇಳನೆಯ ವಯಸ್ಸಿನಲ್ಲಿ ಅವರು ಅಗಲಿದರು. ಶಾಲೆಯ ಹುಡುಗನಿಗೆ ಒಂದು ಮಾತಿನ ಅರ್ಥವನ್ನು ಬಿಡಿಸಿ ಹೇಳುವ ಅಭ್ಯಾಸವೇ ಬೆಳೆದು ನಿಘಂಟಾಯಿತೆಂದರೆ ತಪ್ಪಾಗಲಾರದು.

ಮಳೆಯನ್ನೇ ಬಹುಮಟ್ಟಿಗೆ ನಂಬಿದ ನಾಗಮಂಗಲದಿಂದ ಒಕ್ಕಲುಮಕ್ಕಳು ಕಾಲೇಜಿಗೆ ಬಂದದ್ದು ಸ್ವಲ್ಪ ತಡವಾಗಿ. ಸರ್ಕಾರದ ಉದ್ಯೋಗಗಳಲ್ಲಿ ಹಿಂದುಳಿದ ಪಂಗಡಗಳಿಗೆ ಅವಕಾಶ ದೊರೆಯುವ ಬಗೆಯನ್ನು ಕುರಿತು 1918ರಲ್ಲಿ ನೇಮಕವಾದ ಮಿಲ್ಲರ್ ಸಮಿತಿ, 1906ರಲ್ಲಿ ಹುಟ್ಟಿದ ಒಕ್ಕಲಿಗರ ಸಂಘ ಮೊದಲಾದುವು ಆ ಬಾಗಿಲನ್ನು ಸ್ವಲ್ಪ ಸ್ವಲ್ಪವಾಗಿ ತೆರೆದುವು. ಈ ತಾಲ್ಲೂಕಿನ ಹೆರಗನಹಳ್ಳಿಯಲ್ಲಿ 1915ರಲ್ಲಿ ಹುಟ್ಟಿದ ಎಚ್.ಎಲ್. ನಾಗೇಗೌಡರು ಕಾನೂನನ್ನೂ ಓದಿ ಸರ್ಕಾರದ ಹಿರಿಯ ಅಧಿಕಾರಿಗಳಾದರು. ಅಧಿಕಾರಿಯಾದವನು ಹಳ್ಳಿಗೆ ಹೋದರೆ ಕಂದಾಯದ ಲೆಕ್ಕವನ್ನು ಕೇಳುತ್ತಾನೆ; ಇವರು ಅದರೊಡನೆ ಹಳ್ಳಿಯ ಹಾಡುಗಳನ್ನೂ ಕೇಳಿದರು. ಆ ಆಸಕ್ತಿ ಫಲಿಸಿ 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತೂ, 1994ರಲ್ಲಿ ರಾಮನಗರದ ಬಳಿಯ ಜಾನಪದ ಲೋಕವೂ ಆದುವು. ಅದೇ ತಾಲ್ಲೂಕಿನ ಅಂಬಲಜೀರಹಳ್ಳಿಯ ಜೀ.ಶಂ. ಪರಮಶಿವಯ್ಯನವರು ಮೈಸೂರು ವಿಶ್ವವಿದ್ಯಾನಿಲಯದಲ್ಲಿದ್ದು ಜಾನಪದವನ್ನೇ ಒಂದು ವ್ಯಾಸಂಗದ ವಿಷಯವನ್ನಾಗಿ ಬೆಳೆಸಲು ಶ್ರಮಿಸಿದರು. ಊರನ್ನು ಬಿಟ್ಟುಹೋದ ಇಬ್ಬರೂ ಊರಿನ ಮಾತನ್ನೇ ಬಂಡವಾಳ ಮಾಡಿಕೊಂಡರು.

ಇಷ್ಟು ಹೇಳಿದಮೇಲೆ ನಾವು ಒಂದು ಕೊರತೆಯನ್ನು ಮುಚ್ಚಿಡಬಾರದು. ಈವರೆಗೆ ನಾವು ಹೇಳಿದ ಹೆಸರುಗಳಲ್ಲಿ ಒಬ್ಬ ಹೆಣ್ಣುಮಗಳ ಹೆಸರೂ ಇಲ್ಲ. ಇದು ಆಕಸ್ಮಿಕವಲ್ಲ. ಗಂಡುಮಗನನ್ನು ವಾರಾನ್ನದ ಭರವಸೆಯ ಮೇಲೆ ಮೈಸೂರಿಗೆ ಕಳುಹಿಸಿದ ತಂದೆತಾಯಿಗಳು ಮಗಳನ್ನು ಹಾಗೆ ಕಳುಹಿಸುವ ಧೈರ್ಯಮಾಡಲಿಲ್ಲ. ಕಾಲೇಜು ದೂರವಿದ್ದಷ್ಟು ಕಾಲವೂ ಹಳ್ಳಿಯ ಹುಡುಗಿಯ ಪಾಲಿಗೆ ಅದು ಇಲ್ಲದಂತೆಯೇ ಇದ್ದಿತು. ಹೊಲಗೆಲಸದ ಕೂಲಿಯವನ ಮಗನಿಗೂ ಇದೇ ಮಾತು ಸಲ್ಲುತ್ತದೆ. ಅವನಿಗೆ ಊರಿನಾಚೆ ಪರಿಚಯದ ಮನೆಗಳಿರಲಿಲ್ಲ. ಊರು ಬಿಟ್ಟು ಓದಿ ಹೆಸರಾದವರನ್ನು ನಾವು ಎಣಿಸಿದೆವು. ಊರು ಬಿಡಲಾರದೆ ಓದನ್ನೇ ಬಿಟ್ಟವರನ್ನು ಎಣಿಸಿದವರು ಯಾರು?

ತಾಲ್ಲೂಕಿನ ಕಾಲೇಜಿನ ಬೆಲೆ ಇರುವುದು ಇಲ್ಲಿ. ಬೆಳಿಗ್ಗೆ ಮನೆಯ ಕೆಲಸವನ್ನು ಮುಗಿಸಿ, ಬಸ್ಸು ಹತ್ತಿ, ಪಾಠ ಕೇಳಿ, ಸಂಜೆಗೆ ಮನೆ ಸೇರುವ ಹುಡುಗಿಗೆ ಅದು ಎರಡನೆಯ ದರ್ಜೆಯ ಕಾಲೇಜಲ್ಲ. ಆಕೆಗೆ ಇರುವುದು ಅದೊಂದೇ ಕಾಲೇಜು. 2023ರಲ್ಲಿ ಸರ್ಕಾರವು ಹೆಂಗಸರಿಗೆ ಸರ್ಕಾರಿ ಬಸ್ಸುಗಳಲ್ಲಿ ಉಚಿತ ಪ್ರಯಾಣದ ಏರ್ಪಾಡನ್ನು ಆರಂಭಿಸಿದಾಗ ಆ ದಾರಿ ಇನ್ನಷ್ಟು ಸುಗಮವಾಯಿತು. ಶ್ರೀಕಂಠಯ್ಯನವರ ಮನೆತನದ ಊರಾದ ಬೆಳ್ಳೂರಿನ ಸಮೀಪದಲ್ಲಿ ಆದಿಚುಂಚನಗಿರಿಯ ಮಠದವರ ವೈದ್ಯಕೀಯ ಕಾಲೇಜು 1986ರಿಂದ ನಡೆಯುತ್ತಿದೆ. ಪದವಿಗಾಗಿ ಮದರಾಸಿನ ಕಡೆಗೆ ನೋಡಬೇಕಾಗಿದ್ದ ಸೀಮೆಗೆ ಈಗ ಬೇರೆ ಊರುಗಳ ತರುಣರು ಓದಲು ಬರುತ್ತಿದ್ದಾರೆ. ಇದು ಸಾಮಾನ್ಯವಾದ ಬದಲಾವಣೆಯಲ್ಲ.

ಆದರೆ ಕಟ್ಟಡವೊಂದರಿಂದಲೇ ಕಾಲೇಜು ಆಗುವುದಿಲ್ಲ. ಮಹಾರಾಜಾ ಕಾಲೇಜು ಹೆಸರಾದದ್ದು ಅಲ್ಲಿಯ ಕಂಬಗಳಿಂದಲ್ಲ. ಒಬ್ಬ ಶ್ರೀಕಂಠಯ್ಯನವರು, ಒಬ್ಬ ವೆಂಕಣ್ಣಯ್ಯನವರು ವರ್ಷ ವರ್ಷವೂ ಅಲ್ಲಿಯೇ ನಿಂತು ಪಾಠ ಹೇಳಿದುದರಿಂದ. ಈ ವರ್ಷದ ಶಿಷ್ಯನನ್ನು ಮುಂದಿನ ವರ್ಷ ಗುರುತಿಸಿ, ಮೂರನೆಯ ವರ್ಷ ಅವನಿಗೆ ತಕ್ಕ ಪುಸ್ತಕವನ್ನು ಕೈಗಿಟ್ಟು, ಓದು ಮುಗಿದಮೇಲೆ ಎಲ್ಲಿ ಸೇರಬೇಕೆಂದು ಹೇಳಲು ಉಪಾಧ್ಯಾಯನು ಒಂದೆಡೆ ನೆಲೆನಿಲ್ಲಬೇಕು. ನಮ್ಮ ಸರ್ಕಾರಿ ಪ್ರಥಮದರ್ಜೆ ಕಾಲೇಜುಗಳಲ್ಲಿ ಇಂದು ಬಹಳಷ್ಟು ಪಾಠಗಳು ಅತಿಥಿ ಉಪನ್ಯಾಸಕರ ಮೇಲೆ ನಿಂತಿವೆ. ಇವರೂ ಎಂ.ಎ. ಓದಿದವರೇ, ಹಲವರು ಇಂತಹ ತಾಲ್ಲೂಕು ಕಾಲೇಜುಗಳಲ್ಲಿಯೇ ಕಲಿತು ಬಂದವರು. ಮುಂದಿನ ವರ್ಷ ತಮಗೆ ಕೆಲಸವುಂಟೋ ಇಲ್ಲವೋ ಎಂಬ ಚಿಂತೆಯಲ್ಲಿರುವವರು ಶಿಷ್ಯನ ಮುಂದಿನ ದಾರಿಯನ್ನು ಕುರಿತು ನೆಮ್ಮದಿಯಿಂದ ಯೋಚಿಸುವುದು ಹೇಗೆ? ಅತಿಥಿಯೆಂಬ ಮಾತು ಮನೆಗೆ ಬಂದು ಹೋಗುವವರಿಗೆ ಒಪ್ಪುತ್ತದೆ. ಮನೆಯನ್ನು ನಡೆಸುವವರಿಗೆ ಒಪ್ಪುವುದಿಲ್ಲ. ಹಳ್ಳಿಯ ಮಗಳ ಕಾಲೇಜು ಒಳ್ಳೆಯ ಕಾಲೇಜಾಗಬೇಕೆಂದರೆ ಅದರ ಉಪಾಧ್ಯಾಯರಿಗೆ ಮೊದಲು ನೆಲೆ ದೊರೆಯಬೇಕು.

ಈ ನಾಲ್ಕು ತಾಲ್ಲೂಕುಗಳ ಕಾಲೇಜುಗಳಿಗೆ ನಮ್ಮದೊಂದು ಸೂಚನೆಯುಂಟು. ತಮ್ಮಲ್ಲಿ ಓದಿ ಹೋದವರ ಚರಿತ್ರೆಯನ್ನು ಅವು ಬರೆದಿಡಬೇಕು. ಹೆಸರಾದ ನಾಲ್ವರ ಚಿತ್ರಗಳನ್ನು ಗೋಡೆಗೆ ತೂಗುಹಾಕಿದರೆ ಸಾಲದು. ಕಬ್ಬಿನ ಗದ್ದೆಯನ್ನು ನೋಡಿಕೊಳ್ಳುತ್ತಲೇ ಲೆಕ್ಕಶಾಸ್ತ್ರವನ್ನೋದಿದವನು, ಮದುವೆಯಾಗಿ ಓದು ನಿಂತು ಮತ್ತೆ ಬಂದು ಪರೀಕ್ಷೆಗೆ ಕುಳಿತವಳು, ಪೊಲೀಸು ಕೆಲಸಕ್ಕೆ ಸೇರಿದವನು, ತಾನು ಓದಿದ ಕೊಠಡಿಯಲ್ಲಿಯೇ ಪಾಠ ಹೇಳಲು ಮರಳಿ ಬಂದವಳು, ಇವರೆಲ್ಲರ ದಾರಿಯೂ ಆ ಪುಸ್ತಕದಲ್ಲಿರಬೇಕು. ಯಾವ ಅಡ್ಡಿ ಬಂದಿತು, ಯಾರು ಕೈಕೊಟ್ಟರು, ಎಷ್ಟು ವರ್ಷ ಹಿಡಿಯಿತು ಎಂಬುದನ್ನು ಉಳ್ಳದ್ದು ಉಳ್ಳಂತೆ ಬರೆಯಬೇಕು. ಹೊಸದಾಗಿ ಸೇರುವ ಹುಡುಗನಿಗೆ ಮೇಲುಕೋಟೆಯ ಕವಿಯ ಬಾಳು ಬೆಟ್ಟದಂತೆ ದೂರವಾಗಿ ತೋರಬಹುದು. ಪಕ್ಕದ ಹಳ್ಳಿಯವಳು ಐದು ವರ್ಷದ ಹಿಂದೆ ಹಿಡಿದ ದಾರಿ ಅವನ ಕಾಲಿಗೆ ಎಟುಕುತ್ತದೆ.

ಹಿಂದಿನವರು ಓದಿಗಾಗಿ ಊರನ್ನು ಬಿಟ್ಟದ್ದು ಬೇರೆ ಗತಿಯಿಲ್ಲದೆ. ಅದನ್ನು ನಾವು ಹೆಚ್ಚುಗಾರಿಕೆಯ ಗುರುತೆಂದು ಎಣಿಸಿ, ಊರಿನಲ್ಲಿ ಉಳಿದು ಓದುವವರನ್ನು ಕೀಳಾಗಿ ಕಾಣುವುದು ನ್ಯಾಯವಲ್ಲ. ಇನ್ನುಮುಂದೆ ನಾಗಮಂಗಲದ ಅಥವಾ ಪಾಂಡವಪುರದ ವಿದ್ಯಾರ್ಥಿಯನ್ನು ಎಲ್ಲಿ ಓದುತ್ತೀಯೆಂದು ಕೇಳುವ ಹಿರಿಯರು, ಅವನು ಕಾಲೇಜಿನ ಹೆಸರನ್ನು ಹೇಳಿದಮೇಲೆ, ಯಾರು ಪಾಠ ಹೇಳುತ್ತಾರೆ, ಏನನ್ನು ಓದುತ್ತಿದ್ದೀಯೆ ಎಂದು ಮುಂದಿನ ಮಾತನ್ನೂ ಕೇಳಲಿ. ಆ ಪ್ರಶ್ನೆಗೆ ಅವನು ತಲೆಯೆತ್ತಿ ಉತ್ತರ ಹೇಳುವಂತೆ ಮಾಡುವ ಹೊಣೆ ಕಾಲೇಜಿನದು, ಸರ್ಕಾರದ್ದು, ಮತ್ತು ನಮ್ಮೆಲ್ಲರದು.