ಕಂಪ್ಯೂಟರಿನ ಕಾಲಪ್ರಮಾಣ

ಮೇಜಿನ ಮೇಲಿನ ಕಂಪ್ಯೂಟರಿನೊಳಗೆ ಒಂದು ತಾಳವುಂಟು. ನಮ್ಮ ಕಿವಿಗೆ ಅದು ಕೇಳದು. ಆದರೆ ಪ್ರೊಸೆಸರ್ ಎಂಬ ಮುಖ್ಯ ಚಿಪ್ಪು ತನ್ನ ಒಂದೊಂದು ಕೆಲಸವನ್ನೂ ಆ ತಾಳದ ಪೆಟ್ಟಿಗೆ ಸರಿಯಾಗಿ ಮಾಡುತ್ತದೆ. ಸೆಕೆಂಡಿಗೆ ನೂರು ಕೋಟಿ ಪೆಟ್ಟಾದರೆ ಅದಕ್ಕೆ ಒಂದು ಗಿಗಾಹರ್ಟ್ಸ್ ಎನ್ನುತ್ತಾರೆ. ತಯಾರಕರು ಗೊತ್ತುಮಾಡಿದ ಈ ಕಾಲಪ್ರಮಾಣವನ್ನು ಕೊಂಡವರೇ ಏರಿಸಿಕೊಳ್ಳುವುದಕ್ಕೆ ಓವರ್‌ಕ್ಲಾಕಿಂಗ್ ಎಂದು ಹೆಸರು. ಕಾಸು ಕೊಡದೆ ವೇಗ ಸಿಕ್ಕುವುದಾದರೆ ಯಾರಿಗೆ ಬೇಡ? ಆದರೆ ಹತ್ತು ನಿಮಿಷ ಓಡಿಸಿ ಗೆಳೆಯರಿಗೆ ತೋರಿಸುವ ವೇಗ ಬೇರೆ. ದಿನಬೆಳಗಾದರೆ ಮನೆಯ ಲೆಕ್ಕಪತ್ರವನ್ನೂ ಮದುವೆಯ ಫೋಟೋಗಳನ್ನೂ ನಂಬಿ ಒಪ್ಪಿಸುವ ವೇಗ ಬೇರೆ. ನಾನು ಹೇಳಹೊರಟಿರುವುದು ಈ ಎರಡನೆಯದನ್ನು ಕುರಿತು.

ಒಂದೇ ಕಾರ್ಖಾನೆಯಲ್ಲಿ, ಒಂದೇ ನಕ್ಷೆಯಂತೆ ತಯಾರಾದ ಚಿಪ್ಪುಗಳೂ ಒಂದೇ ಕಸುವಿನವಲ್ಲ. ತಯಾರಕರು ಪರೀಕ್ಷೆ ಮಾಡಿ, ತಪ್ಪಿಲ್ಲದೆ ನಿಭಾಯಿಸುವ ವೇಗವನ್ನು ಸ್ವಲ್ಪ ಕೈ ಬಿಗಿಹಿಡಿದೇ ಹೆಸರಿಸುತ್ತಾರೆ. ಆ ಉಳಿತಾಯವೇ ನಮಗೆ ಸಿಕ್ಕುವ ಲಾಭ. 1998ರಲ್ಲಿ ಇಂಟೆಲ್ ಕಂಪನಿಯ ಸೆಲೆರಾನ್ 300ಎ ಎಂಬ ಅಗ್ಗದ ಪ್ರೊಸೆಸರ್ ಬಂತು. ಮದರ್‌ಬೋರ್ಡಿನ 66 ಮೆಗಾಹರ್ಟ್ಸ್ ಮಿಡಿತದ ನಾಲ್ಕೂವರೆ ಪಟ್ಟು, ಎಂದರೆ 300 ಮೆಗಾಹರ್ಟ್ಸ್ ಅದರ ವೇಗ. ಮಿಡಿತವನ್ನು 100ಕ್ಕೆ ಏರಿಸಿದವರಿಗೆ 450 ದೊರೆಯಿತು. ಹಲವು ಪಟ್ಟು ಬೆಲೆಯ ಪೆಂಟಿಯಂ ಜೊತೆಗೆ ಅದು ಹೆಗಲೆಣೆಯಾಗಿ ನಿಂತಿತು. ಓವರ್‌ಕ್ಲಾಕಿಂಗಿನ ಹುಚ್ಚು ಹಬ್ಬಿದ್ದು ಇಂಥ ಚಿಪ್ಪುಗಳಿಂದ.

ಉದಾಹರಣೆಗೆ 2011ರ ಕೋರ್ ಐ5-2500ಕೆ ತೆಗೆದುಕೊಳ್ಳೋಣ. ಹಳೆಯದಾದರೂ ಲೆಕ್ಕ ಕಲಿಯಲು ಒಳ್ಳೆಯದು. ಮೂಲ ಮಿಡಿತ 100 ಮೆಗಾಹರ್ಟ್ಸ್, ಗುಣಕ 33, ಎಂದರೆ 3.3 ಗಿಗಾಹರ್ಟ್ಸ್. ಹೆಸರಿನ ಕೊನೆಯ ‘ಕೆ’ ಅಕ್ಷರಕ್ಕೆ ಅರ್ಥ, ಈ ಗುಣಕಕ್ಕೆ ಬೀಗ ಹಾಕಿಲ್ಲ ಎಂದು. ತಕ್ಕ ಮದರ್‌ಬೋರ್ಡು ಇದ್ದರೆ, ಯಂತ್ರ ಎಚ್ಚರಗೊಳ್ಳುವಾಗ ತೆರೆಯುವ ಬಯಾಸ್ ಎಂಬ ಪುಟದಲ್ಲಿ ಗುಣಕವನ್ನು 44 ಮಾಡಿದರಾಯಿತು: ವೇಗ ಮೂರನೆಯ ಒಂದು ಪಾಲು ಹೆಚ್ಚಿತು. ಪೆಟ್ಟಿನಿಂದ ಪೆಟ್ಟಿಗೆ ಬಿಡುವು ಕಡಮೆಯಾದಾಗ ಒಳಗಿನ ಟ್ರಾನ್ಸಿಸ್ಟರುಗಳು ಬೇಗ ಬೇಗ ತಿರುಗಬೇಕಲ್ಲ. ಅದಕ್ಕೆ ವೋಲ್ಟೇಜನ್ನೂ ಏರಿಸಬೇಕಾಗುತ್ತದೆ. 1.2 ವೋಲ್ಟ್ ಇದ್ದುದನ್ನು 1.35 ಮಾಡಿದಿರಿ ಎನ್ನಿ. ಬಿಸಿಯಾದರೋ ವೇಗದ ಜೊತೆಗೆ ನೇರವಾಗಿಯೂ, ವೋಲ್ಟೇಜಿನ ವರ್ಗದ ಪ್ರಮಾಣದಲ್ಲಿಯೂ ಏರುತ್ತದೆ. ಗುಣಿಸಿ ನೋಡಿದರೆ ವೇಗಕ್ಕೆ ಶೇಕಡ 33, ಬಿಸಿಗೆ ಸುಮಾರು ಶೇಕಡ 69! ಪೆಟ್ಟಿಗೆಯೊಡನೆ ಬಂದ ಪುಟ್ಟ ಫ್ಯಾನು ಇದಕ್ಕೆ ಸಾಲದು. ಒಳ್ಳೆಯ ಕೂಲರ್ ಕೊಳ್ಳಲೇಬೇಕು. ಕಾಸಿಲ್ಲದೆ ವೇಗ ಎಂಬ ಮಾತಿನ ಒಂದು ಕಾಲು ಅಲ್ಲಿಗೇ ಮುರಿಯಿತು.

ಇನ್ನು ಸ್ಥಿರತೆ. ವೇಗ ಮೀರಿದರೆ ಯಂತ್ರ ನಿಂತುಹೋಗುತ್ತದೆ, ಪರದೆ ನೀಲಿಯಾಗುತ್ತದೆ, ಮತ್ತೆ ಹಚ್ಚಿದರೆ ಸರಿಯಾಯಿತು ಎಂದು ಹಲವರ ಎಣಿಕೆ. ನಿಂತುಹೋಗುವ ಯಂತ್ರ ಪ್ರಾಮಾಣಿಕ ಯಂತ್ರ. ನನಗೆ ಭಯವಿರುವುದು ನಿಲ್ಲದೆ ತಪ್ಪು ಮಾಡುವ ಯಂತ್ರದ ಮೇಲೆ. ಎರಡನೆಯ ಕಾಲದಲ್ಲಿ ವರ್ಣ ಹಾಡುವಾಗ ಎಲ್ಲೋ ಒಂದು ಸ್ವರ ನುಂಗಿಹೋದರೂ ತಾಳ ತಪ್ಪದೆ ಮುಂದೆ ಸಾಗುವುದಿಲ್ಲವೆ, ಹಾಗೆ. ಒಂದು ಕೂಡಿಕೆ ಒಂದು ಅಂಕಿ ತಪ್ಪುತ್ತದೆ. ಆ ತಪ್ಪು ಫೈಲಿನೊಳಗೆ ಕೂತು ಡಿಸ್ಕಿಗೆ ಹೋಗುತ್ತದೆ. ನೀವು ಶ್ರದ್ಧೆಯಿಂದ ತೆಗೆದಿಟ್ಟ ಎರಡನೆಯ ಪ್ರತಿಯಲ್ಲೂ ಅದೇ ತಪ್ಪು ನಕಲಾಗುತ್ತದೆ. ಆರು ತಿಂಗಳ ಮೇಲೆ ಫೋಟೋ ತೆರೆದರೆ ಅರ್ಧ ಮುಖ ಬೂದುಬಣ್ಣ.

ಆದ್ದರಿಂದ ಪರೀಕ್ಷೆ ಎಂದರೆ ‘ಓಡುತ್ತದೆಯೆ?’ ಎಂದು ಕೇಳುವುದಷ್ಟೇ ಸಾಲದು; ‘ಉತ್ತರ ಸರಿಯೆ?’ ಎಂದೂ ಕೇಳಬೇಕು. ಜಾರ್ಜ್ ವೋಲ್ಟ್‌ಮನ್ ಎಂಬವರು ಬಹುದೊಡ್ಡ ಅವಿಭಾಜ್ಯ ಸಂಖ್ಯೆಗಳನ್ನು ಹುಡುಕುವುದಕ್ಕಾಗಿ ಬರೆದ ಪ್ರೈಮ್ 95 ಎಂಬ ಉಚಿತ ಪ್ರೋಗ್ರಾಂ ಇದಕ್ಕೆ ಹೇಳಿಮಾಡಿಸಿದಂತಿದೆ. ಅದರ ಪರೀಕ್ಷೆಯಲ್ಲಿ ಪ್ರೊಸೆಸರಿಗೆ ಕಠಿಣ ಲೆಕ್ಕ ಕೊಟ್ಟು, ಬಂದ ಉತ್ತರವನ್ನು ಮೊದಲೇ ಗೊತ್ತಿರುವ ಉತ್ತರದೊಡನೆ ಹೋಲಿಸುತ್ತಾರೆ. ಒಮ್ಮೆಗೆ ಒಂದೇ ಮೆಟ್ಟಿಲು ಏರಿಸಿ, ಸ್ವಲ್ಪ ಹೊತ್ತು ಓಡಿಸಿ, ಉಷ್ಣತೆ ನೋಡಿ, ಮುಂದಿನ ಮೆಟ್ಟಿಲಿಗೆ ಹೋಗಿರಿ. ತುಂಬು ಕೆಲಸದಲ್ಲಿ ಉಷ್ಣತೆ 80 ಡಿಗ್ರಿಯೊಳಗೆ ಇರಲಿ ಎಂಬುದು ನನ್ನ ಮಿತಿ. ತಪ್ಪು ಕಂಡ ಮೆಟ್ಟಿಲಿಂದ ಒಂದಲ್ಲ, ಎರಡು ಮೆಟ್ಟಿಲು ಕೆಳಗಿಳಿದು, ಅಲ್ಲಿ ಇಡೀ ರಾತ್ರಿ ಓಡಿಸಿ. ಮರುದಿನ ವಿಂಡೋಸಿನ ಇವೆಂಟ್ ವ್ಯೂಯರನ್ನೂ ಒಮ್ಮೆ ತೆರೆಯಿರಿ, ಡಬ್ಲ್ಯು.ಎಚ್.ಇ.ಎ. ಎಂಬ ಹೆಸರಿನ ದೂರುಗಳಿದ್ದರೆ ಹಾರ್ಡ್‌ವೇರು ಒಳಗೊಳಗೇ ತಡವರಿಸಿದೆಯೆಂದು ತಿಳಿಯಬೇಕು. ಇನ್ನೊಂದು ಮಾತು: ಕೋಣೆಯ ಬಿಸಿ ಹತ್ತು ಡಿಗ್ರಿ ಏರಿದರೆ ಚಿಪ್ಪಿನದೂ ಹೆಚ್ಚುಕಡಮೆ ಅಷ್ಟೇ ಏರುತ್ತದೆ. ಪುಷ್ಯದ ಚಳಿಯಲ್ಲಿ ಮೈಸೂರಿನಲ್ಲಿ ಗೆದ್ದ ಪರೀಕ್ಷೆ ವೈಶಾಖದ ರಾಯಚೂರಿನಲ್ಲಿ ನಡೆಯದು. ಬೇಸಿಗೆಯ ಮಧ್ಯಾಹ್ನ ಮತ್ತೊಮ್ಮೆ ನೋಡಿಯೇ ಒಪ್ಪಬೇಕು.

ಹೊಸ ಪ್ರೊಸೆಸರುಗಳ ವಿಷಯ ಬೇರೆ. ಬಿಸಿಯನ್ನೂ ವಿದ್ಯುತ್ತನ್ನೂ ನೋಡಿಕೊಂಡು ಅವು ತಾವೇ ವೇಗವನ್ನು ಏರಿಸಿಳಿಸಿಕೊಳ್ಳುತ್ತವೆ. ಹಿಂದಿನ ಉಳಿತಾಯವನ್ನು ತಯಾರಕರೇ ಬಳಿದು ಬಡಿಸಿಬಿಟ್ಟಿದ್ದಾರೆ. ಅತಿಯಾದರೆ ಅವರಿಗೂ ತಪ್ಪಿದ್ದಲ್ಲ: ಇಂಟೆಲ್‌ನ 13 ಮತ್ತು 14ನೆಯ ಪೀಳಿಗೆಯ ಕೆಲವು ಡೆಸ್ಕ್‌ಟಾಪ್ ಪ್ರೊಸೆಸರುಗಳು ಅಸ್ಥಿರವಾದವು. ಹೆಚ್ಚಿನ ವೋಲ್ಟೇಜೇ ಅದಕ್ಕೆ ಕಾರಣವೆಂದು 2024ರಲ್ಲಿ ಕಂಪನಿಯೇ ಹೇಳಿ, ತಿದ್ದುಪಡಿ ಕೊಟ್ಟು, ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಬೇಕಾಯಿತು. ಇಂಥ ಹೊಸ ಯಂತ್ರವಿದ್ದವರು ಗುಣಕದ ಗೋಜಿಗೆ ಹೋಗದೆ ಒಳ್ಳೆಯ ಕೂಲರ್ ಹಾಕಿ, ಬಯಾಸ್ ತಿದ್ದುಪಡಿಗಳನ್ನು ತಪ್ಪದೆ ಹಾಕಿಕೊಂಡರೆ ಸಾಕೆಂದು ನಾನು ಹೇಳುತ್ತೇನೆ. ಹಳೆಯ ‘ಕೆ’ ಚಿಪ್ಪು ಮನೆಯಲ್ಲಿದ್ದು, ಅದರ ವಾರಂಟಿ ತೀರಿದ್ದರೆ, ಧೈರ್ಯವಾಗಿ ಪ್ರಯೋಗ ಮಾಡಬಹುದು. ಮೊದಲು ಮುಖ್ಯ ಫೈಲುಗಳ ಪ್ರತಿ ತೆಗೆದು ಆ ಡಿಸ್ಕನ್ನು ಕಳಚಿ ಬೀರುವಿನಲ್ಲಿಡಿ. ಮೂಲ ಗುಣಕ, ವೋಲ್ಟೇಜುಗಳನ್ನು ಒಂದು ಚೀಟಿಯಲ್ಲಿ ಬರೆದು ಕ್ಯಾಬಿನೆಟ್ಟಿನ ಒಳಬದಿಗೆ ಅಂಟಿಸಿ. ಪರದೆಯೇ ಮೂಡದೆ ಹೋದರೆ, ಪ್ಲಗ್ಗು ಕಿತ್ತು, ಮದರ್‌ಬೋರ್ಡಿನ ಮೇಲಿರುವ ನಾಣ್ಯದಂಥ ಸೆಲ್ಲನ್ನು ಕೆಲವು ನಿಮಿಷ ತೆಗೆದು ಹಾಕಿದರೆ ಸಾಮಾನ್ಯವಾಗಿ ಬಯಾಸ್ ತನ್ನ ಮೊದಲಿನ ಸ್ಥಿತಿಗೆ ಬರುತ್ತದೆ.