ಸೂತಕವಿಲ್ಲದ ಸಾವು

ಮನೆಯಲ್ಲಿ ಯಾರಾದರೂ ತೀರಿಕೊಂಡರೆ ಏನು ಮಾಡಬೇಕೆಂಬುದು ನಮ್ಮಲ್ಲಿ ಎಲ್ಲರಿಗೂ ಗೊತ್ತು. ಗೊತ್ತಿಲ್ಲದವರಿಗೆ ಹೇಳಿಕೊಡುವ ಹಿರಿಯರಿರುತ್ತಾರೆ. ಆ ಮನೆಯಲ್ಲಿ ಒಲೆ ಹಚ್ಚುವಂತಿಲ್ಲ. ಪಕ್ಕದ ಮನೆಯವರು ಕಾಫಿ ಕಾಸಿ ತರುತ್ತಾರೆ. ನೆಂಟರಿಷ್ಟರು ಬಂದು ಮಾತನಾಡಿಸಿಕೊಂಡು ಹೋಗುತ್ತಾರೆ. ‘ಹೇಗಾಯಿತು?’ ಎಂದು ಬಂದವರೆಲ್ಲ ಕೇಳುತ್ತಾರೆ. ಮನೆಯವರು ಅದೇ ಕಥೆಯನ್ನು ಇಪ್ಪತ್ತು ಸಲ ಹೇಳುತ್ತಾರೆ. ಹೇಳುತ್ತ ಹೇಳುತ್ತ, ನಂಬಲಾಗದಿದ್ದ ಸಂಗತಿ ಮೆಲ್ಲಗೆ ನಂಬುವಂತಾಗುತ್ತದೆ. ಸೂತಕದ ದಿನಗಳ ಲೆಕ್ಕ ಒಂದೊಂದು ಮನೆತನದಲ್ಲಿ ಒಂದೊಂದು ಬಗೆ ಇರಬಹುದು. ದುಃಖಕ್ಕೆ ಇಂತಿಷ್ಟು ದಿನ ಬಿಡುವು ಕೊಡಬೇಕೆಂಬ ತಿಳಿವಳಿಕೆ ಮಾತ್ರ ಎಲ್ಲ ಲೆಕ್ಕಗಳ ಹಿಂದೆಯೂ ಉಂಟು.

ಅದೇ ಮನೆಯಲ್ಲಿ ಹತ್ತು ವರ್ಷ ಓಡಾಡಿಕೊಂಡಿದ್ದ ಬೆಕ್ಕು ಒಂದು ಬೆಳಿಗ್ಗೆ ಇದ್ದಕ್ಕಿದ್ದಂತೆ ಸತ್ತಿತೆನ್ನಿ. ಒಲೆ ಎಂದಿನಂತೆ ಉರಿಯಬೇಕು; ಕಚೇರಿಗೆ ಹತ್ತು ಗಂಟೆಗೆ ಹಾಜರಾಗಬೇಕು. ‘ಯಾಕೆ ಸಪ್ಪಗಿದ್ದೀರಿ?’ ಎಂದು ಪಕ್ಕದ ಮೇಜಿನವರು ಕೇಳಿದರೆ, ‘ನಮ್ಮ ಬೆಕ್ಕು ಹೋಯಿತು’ ಎನ್ನಲು ನಾಲಗೆ ಏಳುವುದಿಲ್ಲ. ಧೈರ್ಯಮಾಡಿ ಹೇಳಿದರೆ, ‘ಅಯ್ಯೋ, ಬೆಕ್ಕು ತಾನೇ? ನಮ್ಮ ಹಿತ್ತಲಲ್ಲಿ ಮೂರು ಮರಿ ಇವೆ, ಒಂದನ್ನು ಕಳಿಸಿಕೊಡುತ್ತೇನೆ’ ಎಂಬ ಉತ್ತರ ಬರುತ್ತದೆ. ಹಾಗೆ ಹೇಳಿದವರದು ಕೆಟ್ಟ ಮನಸ್ಸಲ್ಲ. ಈ ಸಂದರ್ಭದಲ್ಲಿ ಆಡಬೇಕಾದ ಮಾತನ್ನು ಅವರಿಗೆ ಯಾರೂ ಕಲಿಸಿಲ್ಲ, ಅಷ್ಟೆ. ಸೂತಕವಿಲ್ಲದ ಈ ಸಾವಿನ ಬಗ್ಗೆ ಇಂದು ನಾಲ್ಕು ಮಾತನ್ನು ನಿಮ್ಮ ಮುಂದಿಡಬೇಕೆಂದಿದ್ದೇನೆ.

ನಮ್ಮ ನುಡಿಯೂ ಇಲ್ಲಿ ಕೊಂಚ ಜಿಪುಣತನ ತೋರಿಸುತ್ತದೆ. ಮನುಷ್ಯರು ತೀರಿಕೊಳ್ಳುತ್ತಾರೆ, ಕಾಲವಾಗುತ್ತಾರೆ, ದೈವಾಧೀನರಾಗುತ್ತಾರೆ, ಬೆಕ್ಕು ಸಾಯುತ್ತದೆ. ವ್ಯಾಕರಣ ಅದನ್ನು ನಪುಂಸಕಲಿಂಗದಲ್ಲಿ ಕೂರಿಸಿದೆ. ಮನೆಯೊಳಗೆ ನಾವು ‘ಬಂದಳು, ಮಲಗಿದಳು, ಮುನಿಸಿಕೊಂಡಳು’ ಎನ್ನುತ್ತಿದ್ದರೂ ಹೊಸಿಲು ದಾಟಿದೊಡನೆ ‘ಬಂತು, ಮಲಗಿತು’ ಎಂದು ತಿದ್ದಿಕೊಳ್ಳುತ್ತೇವೆ. ಗಾದೆಗಳಲ್ಲಂತೂ ಬೆಕ್ಕಿಗೆ ಒಳ್ಳೆಯ ಹೆಸರೇ ಇಲ್ಲ. ಕಣ್ಣು ಮುಚ್ಚಿ ಹಾಲು ಕುಡಿಯುವ ಕಳ್ಳ ಅದು. ಇಲಿಯ ಪ್ರಾಣಸಂಕಟದಲ್ಲಿ ಚೆಲ್ಲಾಟವಾಡುವ ಕ್ರೂರಿ ಅದು. ಶುಭಕಾರ್ಯಕ್ಕೆ ಹೊರಟಾಗ ಅಡ್ಡ ಬರುವ ಅಪಶಕುನವೂ ಅದೇ. ಪಂಚತಂತ್ರದಲ್ಲಿ ತಪಸ್ವಿಯ ಸೋಗು ಹಾಕಿ, ನ್ಯಾಯ ಕೇಳಲು ಬಂದವರನ್ನೇ ನುಂಗುವ ಪಾತ್ರವೂ ಬೆಕ್ಕಿನದೇ.

ಆದರೂ ಒಂದು ಕಡೆ ನಮ್ಮ ಹಿರಿಯರು ಬೆಕ್ಕನ್ನು ಬಹಳ ಎತ್ತರದಲ್ಲಿ ಇಟ್ಟಿದ್ದಾರೆ. ಶ್ರೀವೈಷ್ಣವ ಸಂಪ್ರದಾಯದಲ್ಲಿ ಜೀವನಿಗೂ ದೇವರಿಗೂ ಇರುವ ಸಂಬಂಧವನ್ನು ವಿವರಿಸಲು ಎರಡು ನ್ಯಾಯಗಳನ್ನು ಹೇಳುತ್ತಾರೆ. ಕೋತಿಯ ಮರಿ ತಾನೇ ತಾಯಿಯನ್ನು ಬಿಗಿಯಾಗಿ ಹಿಡಿದುಕೊಂಡಿರುತ್ತದೆ. ಅದು ಮರ್ಕಟಕಿಶೋರ ನ್ಯಾಯ. ಬೆಕ್ಕಿನ ಮರಿ ಏನನ್ನೂ ಹಿಡಿದುಕೊಳ್ಳುವುದಿಲ್ಲ. ತಾಯಿಯೇ ಅದನ್ನು ಬಾಯಲ್ಲಿ ಕಚ್ಚಿಕೊಂಡು ಸುರಕ್ಷಿತವಾದ ಜಾಗಕ್ಕೆ ಒಯ್ಯುತ್ತದೆ. ಅದು ಮಾರ್ಜಾಲಕಿಶೋರ ನ್ಯಾಯ. ಭಗವಂತನ ಕೃಪೆಗೆ ಹೋಲಿಕೆ ಹುಡುಕಿದ ಪಂಡಿತರ ಕಣ್ಣಿಗೆ ಬಿದ್ದದ್ದು ಅಡಿಗೆಮನೆಯ ಅಟ್ಟದಿಂದ ಉಗ್ರಾಣಕ್ಕೆ ಮರಿಗಳನ್ನು ಸಾಗಿಸುತ್ತಿದ್ದ ತಾಯಿಬೆಕ್ಕು. ಅದನ್ನು ನಿಂತು ನೋಡಿದವರಿಗೆ ಅದರ ಮೇಲೆ ಅಕ್ಕರೆ ಇದ್ದಿರಲೇಬೇಕು.

ಬೆಕ್ಕಿಗಾಗಿ ಅಳುವುದು ಇಂದಿನ ಪಟ್ಟಣದವರ ನಾಜೂಕು ಎನ್ನುವವರುಂಟು. ಚರಿತ್ರೆ ಬೇರೆ ಮಾತನ್ನು ಹೇಳುತ್ತದೆ. ಸೈಪ್ರಸ್ ದ್ವೀಪದ ಶಿಲ್ಲೂರೊಕಾಂಬೋಸ್ ಎಂಬಲ್ಲಿ ಫ್ರೆಂಚ್ ಪುರಾತತ್ವಜ್ಞರು ಅಗೆದಾಗ ಒಬ್ಬ ಮನುಷ್ಯನ ಸಮಾಧಿಯೂ, ಅದರಿಂದ ಮೊಳದಷ್ಟು ದೂರದಲ್ಲಿ, ಬೇರೆಯಾಗಿ ತೋಡಿದ ಗುಣಿಯಲ್ಲಿ, ಒಂದು ಬೆಕ್ಕಿನ ಇಡೀ ಅಸ್ಥಿಪಂಜರವೂ ದೊರೆತವು. ಸುಮಾರು 9,500 ವರ್ಷಗಳ ಹಿಂದಿನ ಸಂಗತಿ ಇದು, 2004ರಲ್ಲಿ ಪ್ರಕಟವಾಯಿತು. ಆ ಬೆಕ್ಕಿಗೆ ಎಂಟು ತಿಂಗಳ ಪ್ರಾಯ. ಅದನ್ನು ಎಸೆದಿರಲಿಲ್ಲ, ಹೂಳಿದ್ದರು. ಕ್ರಿಸ್ತಪೂರ್ವ ಐದನೆಯ ಶತಮಾನದ ಗ್ರೀಕ್ ಚರಿತ್ರಕಾರ ಹೆರೊಡೋಟಸ್ ಈಜಿಪ್ಟಿನ ಬಗ್ಗೆ ಬರೆಯುತ್ತ, ಮನೆಯ ಬೆಕ್ಕು ತಾನಾಗಿ ಸತ್ತರೆ ಆ ಮನೆಯವರೆಲ್ಲ ಹುಬ್ಬು ಬೋಳಿಸಿಕೊಳ್ಳುತ್ತಿದ್ದರೆಂದು ತಿಳಿಸುತ್ತಾನೆ. ಸೂತಕವಿದ್ದ ನಾಡೂ ಇತ್ತು ಎಂದಾಯಿತು. ಹುಬ್ಬಿಲ್ಲದವನು ಬೀದಿಯಲ್ಲಿ ಎದುರಾದರೆ, ‘ಇವನ ಮನೆಯಲ್ಲಿ ಬೆಕ್ಕು ಹೋಗಿದೆ’ ಎಂದು ಊರಿಗೇ ಗೊತ್ತಾಗುತ್ತಿತ್ತು. ಅವನು ಬಾಯಿಬಿಟ್ಟು ಹೇಳಬೇಕಾದ ಸಂಕೋಚವೇ ಇರಲಿಲ್ಲ.

ಬರಹಗಾರರಿಗೂ ಬೆಕ್ಕಿಗೂ ಹಳೆಯ ನಂಟು. ಇಂಗ್ಲಿಷ್ ನಿಘಂಟುಕಾರ ಡಾಕ್ಟರ್ ಜಾನ್ಸನ್ ತನ್ನ ಹಾಡ್ಜ್ ಎಂಬ ಬೆಕ್ಕಿಗೆ ಸಿಂಪಿಯ ಮಾಂಸವನ್ನು ಸ್ವತಃ ಅಂಗಡಿಗೆ ಹೋಗಿ ತರುತ್ತಿದ್ದ. ಆಳುಗಳನ್ನು ಕಳಿಸಿದರೆ ಆ ತೊಂದರೆಗಾಗಿ ಅವರು ಬಡಪ್ರಾಣಿಯ ಮೇಲೆ ಸಿಟ್ಟಾದಾರೆಂಬ ಹೆದರಿಕೆ ಅವನಿಗೆ. ಜಪಾನಿನ ಕಾದಂಬರಿಕಾರ ನಾತ್ಸುಮೆ ಸೋಸೆಕಿ ಬೆಕ್ಕೊಂದು ತಾನೇ ಕಥೆ ಹೇಳುವ ಕಾದಂಬರಿಯಿಂದ ಹೆಸರಾದವನು. ಆ ಕೃತಿಗೆ ಪ್ರೇರಣೆಯಾದ ಮನೆಯ ಬೆಕ್ಕು 1908ರಲ್ಲಿ ಸತ್ತಾಗ ಅವನು ಮನುಷ್ಯರ ಸಾವನ್ನು ತಿಳಿಸುವಂತೆಯೇ ಆಪ್ತರಿಗೆ ಕಾಗದ ಬರೆದು ತಿಳಿಸಿದ.

ಸೋಸೆಕಿಯ ಶಿಷ್ಯನಾದ ಉಚಿದಾ ಹ್ಯಾಕ್ಕೆನ್ ಎಂಬ ಪ್ರಬಂಧಕಾರನ ಕಥೆ ಇನ್ನೂ ಮನಕರಗಿಸುವಂಥದು. ಜರ್ಮನ್ ಭಾಷೆಯ ಅಧ್ಯಾಪಕನಾಗಿದ್ದವನು, ಗಂಭೀರ ಮನುಷ್ಯ. ಅವನ ಮನೆಗೆ ತಾನಾಗಿ ಬಂದು ಸೇರಿಕೊಂಡ ಬೀದಿಬೆಕ್ಕು ನೋರಾ, 1957ರ ಮಾರ್ಚ್ ತಿಂಗಳ ಒಂದು ದಿನ ತೋಟ ದಾಟಿ ಹೋದದ್ದು ಮತ್ತೆ ಬರಲಿಲ್ಲ. ಅರವತ್ತೇಳು ವರ್ಷದ ಆ ಹಿರಿಯ ಅತ್ತ, ದಿನಗಟ್ಟಲೆ ಅತ್ತ, ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟ, ಕರಪತ್ರ ಹಂಚಿಸಿದ. ಆ ಅಳುವನ್ನೆಲ್ಲ ಮುಚ್ಚಿಡದೆ ಒಂದು ಪುಸ್ತಕವಾಗಿ ಬರೆದ. ಓದುಗರು ನಗಲಿಲ್ಲ. ಮುಂದೆ 1993ರಲ್ಲಿ ನಿರ್ದೇಶಕ ಅಕಿರಾ ಕುರೊಸಾವಾ ಈ ಲೇಖಕನ ಬದುಕನ್ನು ತನ್ನ ಕೊನೆಯ ಚಿತ್ರವನ್ನಾಗಿ ಮಾಡಿದಾಗ ಬೆಕ್ಕು ಕಳೆದುಹೋದ ಪ್ರಸಂಗವನ್ನು ಬಿಡಲಿಲ್ಲ.

ನಮ್ಮಲ್ಲಿಯೂ ನಿದರ್ಶನಗಳಿಗೆ ಬಡತನವಿಲ್ಲ. ತಿರುವಣ್ಣಾಮಲೆಯ ರಮಣಾಶ್ರಮಕ್ಕೆ ಹೋದವರು ಅಲ್ಲಿ ಹಸು, ಜಿಂಕೆ, ನಾಯಿ, ಕಾಗೆಗಳ ಸಮಾಧಿಗಳನ್ನು ನೋಡಿರುತ್ತೀರಿ. ಲಕ್ಷ್ಮಿ ಎಂಬ ಹಸು 1948ರ ಜೂನ್ 18ರಂದು ಪ್ರಾಣ ಬಿಡುವಾಗ ರಮಣ ಮಹರ್ಷಿಗಳು ಅದರ ಪಕ್ಕದಲ್ಲಿ ಕುಳಿತು ಮೈಮೇಲೆ ಕೈಯಿಟ್ಟುಕೊಂಡಿದ್ದರು. ಅದು ಮುಕ್ತಿ ಪಡೆಯಿತೆಂದು ಪದ್ಯ ಬರೆದುಕೊಟ್ಟರು. ದೇಹ ನಾನಲ್ಲ ಎಂದು ಲೋಕಕ್ಕೆ ಬೋಧಿಸಿದವರು, ಆ ಗಳಿಗೆಯಲ್ಲಿ ‘ಹಸು ತಾನೇ’ ಎನ್ನಲಿಲ್ಲ. ಮಹಾಭಾರತದ ಧರ್ಮರಾಜನಂತೂ ಕೊನೆಯವರೆಗೂ ಹಿಂದೆ ನಡೆದುಬಂದ ನಾಯಿಯನ್ನು ಬಿಟ್ಟು ಸ್ವರ್ಗದ ರಥವನ್ನೇರಲು ಒಪ್ಪಲಿಲ್ಲ.

ಇನ್ನು ಈ ಸಾವಿನ ಹಠಾತ್ತನೆಯ ಸ್ವಭಾವವನ್ನು ನೋಡೋಣ. ನಮ್ಮ ಮನೆಯ ಚಂದ್ರಿ ಏಳನೆಯ ವರ್ಷದಲ್ಲಿ ಹೀಗೆಯೇ ಹೋಯಿತು. ರಾತ್ರಿ ಎಂದಿನಂತೆ ಹಾಲನ್ನ ತಿಂದು, ನನ್ನ ಪುಸ್ತಕದ ಮೇಲೆ ಕಾಲು ಚಾಚಿ ಮಲಗಿದ್ದ ಬೆಕ್ಕು ಬೆಳಗಿನ ಜಾವ ಒಮ್ಮೆ ಗಟ್ಟಿಯಾಗಿ ಕೂಗಿತು. ಹಿಂಗಾಲುಗಳನ್ನು ಎಳೆಯುತ್ತ ನಾಲ್ಕು ಹೆಜ್ಜೆ ಬಂದು ಬಿದ್ದಿತು. ಪಶುವೈದ್ಯರ ಬಳಿಗೆ ಒಯ್ಯುವಷ್ಟರಲ್ಲಿ ಉಸಿರು ನಿಂತಿತ್ತು. ಹಾವು ಕಚ್ಚಿತೇ, ಯಾರಾದರೂ ವಿಷ ಹಾಕಿದರೇ ಎಂದು ನಾವು ತಳಮಳಿಸುತ್ತಿದ್ದಾಗ ಆ ವೈದ್ಯರು ಕೂರಿಸಿಕೊಂಡು ತಿಳಿಹೇಳಿದರು. ಬೆಕ್ಕುಗಳಲ್ಲಿ ಕಾಣಿಸುವ ಹೃದ್ರೋಗಗಳಲ್ಲಿ ಅತಿ ಸಾಮಾನ್ಯವಾದದ್ದು ಹೃದಯದ ಸ್ನಾಯು ದಪ್ಪವಾಗುವ ರೋಗ. ಎಡ ಹೃತ್ಕುಕ್ಷಿಯ ಗೋಡೆ ದಪ್ಪವಾಗಿ ಒಳಗೆ ರಕ್ತ ತುಂಬುವ ಎಡೆ ಕಡಿಮೆಯಾಗುತ್ತದೆ. ಮೇಲಿನ ಕೋಣೆ ಹಿಗ್ಗಿ ಅಲ್ಲಿ ರಕ್ತ ಹೆಪ್ಪುಗಟ್ಟುವುದುಂಟು. ಆ ಗಂಟು ಜಾರಿ, ಮಹಾಧಮನಿ ಹಿಂಗಾಲುಗಳಿಗೆ ಕವಲೊಡೆಯುವ ಕಡೆ ಸಿಕ್ಕಿಕೊಂಡರೆ ಕಾಲು ಸೋಲುತ್ತದೆ, ತಡೆಯಲಾರದ ನೋವಾಗುತ್ತದೆ. ಎಷ್ಟೋ ಬೆಕ್ಕುಗಳಲ್ಲಿ ಅದುವರೆಗೆ ಹೊರಗೆ ಯಾವ ಲಕ್ಷಣವೂ ತೋರುವುದಿಲ್ಲ; ಎದೆಯ ಸದ್ದು ಕೇಳಿದರೂ ತಿಳಿಯದಿರಬಹುದು. ಸ್ಕ್ಯಾನಿಂಗ್ ಮಾಡಿದರೆ ಮಾತ್ರ ನಿಶ್ಚಯವಾಗಿ ಗೊತ್ತಾಗುತ್ತದೆ.

ಈ ವಿವರಣೆಯಿಂದ ಬೆಕ್ಕು ಮರಳಿ ಬರಲಿಲ್ಲ. ಆದರೆ ‘ನಿನ್ನೆ ಸ್ವಲ್ಪ ಮಂಕಾಗಿತ್ತಲ್ಲವೇ? ನಾನು ನೋಡಬೇಕಿತ್ತಲ್ಲವೇ?’ ಎಂದು ಕೊರಗುತ್ತಿದ್ದ ನನ್ನ ಹೆಂಡತಿಗೆ ಅದು ಊರುಗೋಲಾಯಿತು. ಹಠಾತ್ ಸಾವಿನ ಮನೆಗಳಲ್ಲಿ ದುಃಖಕ್ಕಿಂತ ಮುಂಚೆ ಬಂದು ಕೂರುವುದು ಈ ವಿಚಾರಣೆ. ಬಾಗಿಲು ಹಾಕಿದ್ದರೆ, ಹಿಂದಿನ ದಿನವೇ ಒಯ್ದಿದ್ದರೆ ಎಂದು ಮನಸ್ಸು ‘ರೆ’ಕಾರಗಳ ಸರಮಾಲೆ ಪೋಣಿಸುತ್ತದೆ. ನೋವನ್ನು ಬಚ್ಚಿಡುವುದು ಬೆಕ್ಕಿನ ಹುಟ್ಟುಗುಣವೆಂಬುದನ್ನು ಇಲ್ಲಿ ನೆನೆಯಬೇಕು. ಬೇಟೆಗಾರನಾಗಿದ್ದರೂ ದೊಡ್ಡ ಪ್ರಾಣಿಗಳಿಗೆ ತಾನೇ ಬೇಟೆಯಾಗಬಲ್ಲ ಸಣ್ಣ ಜೀವ ಅದು. ನರಳಿದರೆ ಶತ್ರುವನ್ನು ಕರೆದಂತೆ. ಆದುದರಿಂದ, ಸಾಧ್ಯವಾದರೆ ಕಾರಣವನ್ನು ವೈದ್ಯರಲ್ಲಿ ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು. ತಿಳಿಯದ ಕಾರಣದ ಜಾಗದಲ್ಲಿ ಮನಸ್ಸು ತನ್ನನ್ನೇ ಅಪರಾಧಿಯಾಗಿ ನಿಲ್ಲಿಸಿಕೊಳ್ಳುತ್ತದೆ.

ಇಷ್ಟು ಸಣ್ಣ ಪ್ರಾಣಿ ಹೋದರೆ ಇಷ್ಟು ದೊಡ್ಡ ಖಾಲಿ ಏಕೆ? ಬೆಕ್ಕು ಮನೆಯ ದಿನಚರಿಯ ಸಂದುಗಳಲ್ಲಿ ಬದುಕುವ ಜೀವ. ಹಾಲಿನವನು ಬಂದ ಸದ್ದಿಗೆ ಏಳುವುದು, ಮೀನಿನ ಅಥವಾ ತುಪ್ಪದ ವಾಸನೆಗೆ ಅಡಿಗೆಮನೆಯ ಹೊಸಿಲಲ್ಲಿ ಕೂರುವುದು, ಬಿಸಿಲು ಸರಿದಂತೆ ಕಿಟಕಿಯಿಂದ ಕಿಟಕಿಗೆ ಹಾಸಿಗೆ ಬದಲಿಸುವುದು, ರಾತ್ರಿ ಕಾಲ ಬಳಿ ಗುರುಗುಟ್ಟುತ್ತ ಸುತ್ತಿಕೊಳ್ಳುವುದು — ಇವುಗಳಿಗೆ ನಮ್ಮ ಮೈಯೇ ಹೊಂದಿಕೊಂಡಿರುತ್ತದೆ. ಅದು ಹೋದ ಮೇಲೂ ಕತ್ತಲಲ್ಲಿ ನಡೆಯುವಾಗ ಕಾಲು ತಾನಾಗಿ ತಡೆದು ಇಡುತ್ತದೆ. ಕುರ್ಚಿ ಎಳೆಯುವ ಮುನ್ನ ಕಣ್ಣು ಕೆಳಗೆ ನೋಡುತ್ತದೆ. ಅನ್ನ ಬಡಿಸುವ ಕೈ ಒಂದು ತುತ್ತು ಬೇರೆ ತೆಗೆಯುತ್ತದೆ. ಬುದ್ಧಿಗೆ ಸುದ್ದಿ ಒಂದೇ ಸಲ ತಲುಪುತ್ತದೆ. ಕೈಕಾಲುಗಳಿಗೆ ಮಾತ್ರ ದಿನಕ್ಕೆ ಹತ್ತು ಸಲ ಹೊಸದಾಗಿ ತಿಳಿಸಬೇಕಾಗುತ್ತದೆ.

ಅಮೆರಿಕದ ಕೆನೆತ್ ಡೋಕಾ ಎಂಬ ವಿದ್ವಾಂಸರು 1989ರಲ್ಲಿ ಸಂಪಾದಿಸಿದ ಗ್ರಂಥವೊಂದರಲ್ಲಿ, ಸಮಾಜ ಮಾನ್ಯಮಾಡದ ದುಃಖವೆಂಬ ಒಂದು ಬಗೆಯನ್ನು ವಿವರಿಸಿದ್ದಾರೆ. ಬಹಿರಂಗವಾಗಿ ಅಳಲಾಗದ, ಯಾರೂ ಸಂತೈಸಲು ಬಾರದ ನಷ್ಟಗಳು ಇಂಥವು. ಸಾಕುಪ್ರಾಣಿಯ ಸಾವು ಅವುಗಳಲ್ಲೊಂದು. ಇಂಥ ದುಃಖ ಹೆಚ್ಚು ಕಾಲ ಉಳಿಯುವುದಕ್ಕೆ ಅದನ್ನು ಹೇಳಿಕೊಳ್ಳಲಾಗದಿರುವುದೂ ಒಂದು ಕಾರಣ. ಒಂಟಿಯಾಗಿರುವ ಮುದುಕರಿಗಂತೂ ದಿನದಲ್ಲಿ ಬಾಯಿಬಿಟ್ಟು ಮಾತನಾಡಿಸಲು ಇದ್ದ ಏಕೈಕ ಜೀವ ಆ ಬೆಕ್ಕಾಗಿರಬಹುದು. ಅವರ ಮನೆಯಲ್ಲಿ ಬೆಕ್ಕು ಸತ್ತಿತೆಂದರೆ ಮಾತೇ ನಿಂತಿತೆಂದು ಅರ್ಥ.

ಹಾಗಾದರೆ ಮಾಡಬೇಕಾದ್ದೇನು? ಮೊದಲನೆಯದಾಗಿ, ಒಂದು ಸಂಸ್ಕಾರ ಬೇಕು. ಮಂತ್ರವಿರಲಿ ಇಲ್ಲದಿರಲಿ, ಮನೆಯವರೆಲ್ಲ ಕೂಡಿ ಅದನ್ನು ಒಂದು ಬಟ್ಟೆಯಲ್ಲಿ ಸುತ್ತಿ, ನಾಯಿ ಕೆದಕದಂತೆ ಮೂರಡಿಯಾದರೂ ಆಳದಲ್ಲಿ ಮಣ್ಣು ಮಾಡಬೇಕು. ಹಿತ್ತಲಿಲ್ಲದವರಿಗೆ ಕೆಲವು ದೊಡ್ಡ ಊರುಗಳಲ್ಲಿ ಪ್ರಾಣಿಗಳ ದಹನಕ್ಕೆ ಏರ್ಪಾಡುಂಟು. ಕಸದ ಗಾಡಿಗೆ ಕೊಟ್ಟು ಕೈ ತೊಳೆದುಕೊಂಡರೆ ಮನಸ್ಸು ಬಹುಕಾಲ ಅದನ್ನು ಕ್ಷಮಿಸುವುದಿಲ್ಲ. ಎರಡನೆಯದಾಗಿ, ಮಕ್ಕಳಿಗೆ ನಿಜ ಹೇಳಬೇಕು. ‘ಊರಿಗೆ ಹೋಗಿದೆ’ ಎಂದರೆ ಮಗು ದಾರಿ ಕಾಯುತ್ತದೆ. ‘ನಿದ್ದೆ ಹೋಗಿದೆ’ ಎಂದರೆ ತಾನು ನಿದ್ದೆ ಹೋಗಲು ಹೆದರುತ್ತದೆ. ಸತ್ತಿತು, ಇನ್ನು ಬರುವುದಿಲ್ಲ, ಅದಕ್ಕೀಗ ನೋವಿಲ್ಲ ಎಂಬ ಮೂರು ಮಾತು ಸಾಕು. ಎಷ್ಟೋ ಮಕ್ಕಳು ಸಾವೆಂಬುದನ್ನು ಮೊದಲು ಕಾಣುವುದು ಇಂಥ ಗಳಿಗೆಯಲ್ಲಿ. ದೊಡ್ಡವರು ಅಳುವುದನ್ನು ಆಗ ಕಂಡರೆ, ಅಳುವುದು ನಾಚಿಕೆಯಲ್ಲವೆಂದು ಅವು ಕಲಿಯುತ್ತವೆ. ಮೂರನೆಯದು, ಮನೆಯಲ್ಲಿ ಇನ್ನೊಂದು ಬೆಕ್ಕಿದ್ದರೆ ಅದರ ಮೇಲೂ ಕಣ್ಣಿರಲಿ. ಅದು ಹುಡುಕಾಡುವುದು, ಕೂಗುವುದು, ಊಟ ಬಿಡುವುದು ಉಂಟು. ಬೆಕ್ಕು ಎರಡು ಮೂರು ದಿನ ಏನೂ ತಿನ್ನದಿದ್ದರೆ ಅದರ ಯಕೃತ್ತಿಗೇ ಅಪಾಯ, ವೈದ್ಯರಿಗೆ ತೋರಿಸಬೇಕು.

ಹೊಸ ಮರಿಯ ಮಾತು ಕೊನೆಗಿರಲಿ. ಬಟ್ಟಲನ್ನು ತೊಳೆದಿಡುವುದು, ಗೋಣಿತಾಟನ್ನು ತೆಗೆಯುವುದು ಯಾವಾಗ ಎಂಬುದನ್ನು ಅವರವರ ಮನಸ್ಸೇ ಹೇಳುತ್ತದೆ. ಮರಿಯನ್ನು ತರುವ ಕಾಲವೂ ಹಾಗೆಯೇ. ಹೋದದ್ದರ ಜಾಗ ತುಂಬಲೆಂದು ತಂದ ಮರಿಗೆ ಅನ್ಯಾಯವಾಗುತ್ತದೆ, ಏಕೆಂದರೆ ಅದು ದಿನಾಲೂ ಇನ್ನೊಂದು ಬೆಕ್ಕಿನೊಡನೆ ಹೋಲಿಕೆಗೆ ನಿಲ್ಲಬೇಕು. ಹ್ಯಾಕ್ಕೆನ್ ನೋರಾನನ್ನು ಮರೆಯಲಿಲ್ಲ. ಆದರೂ, ಅದನ್ನೇ ಹೋಲುವ ಮೋಟುಬಾಲದ ಬೀದಿಬೆಕ್ಕೊಂದು ಬಾಗಿಲಿಗೆ ಬಂದಾಗ ಅಟ್ಟಲಿಲ್ಲ. ಅದನ್ನು ನೋರಾ ಎಂದೂ ಕರೆಯಲಿಲ್ಲ. ಜರ್ಮನ್ ಭಾಷೆಯಲ್ಲಿ ‘ಗಿಡ್ಡ’ ಎಂಬರ್ಥದ ಕುರ್ತ್ಸ್ ಎಂಬ ಬೇರೆ ಹೆಸರಿಟ್ಟ. ಆ ಹೆಸರಿಡುವಿಕೆಯಲ್ಲಿ ಒಂದು ವಿವೇಕವಿದೆ.

ಇನ್ನು ನೆರೆಹೊರೆಯವರ ಪಾತ್ರ. ಸೂತಕವೆಂದರೆ ಮೈಲಿಗೆ ಎಂದಷ್ಟೇ ತಿಳಿಯುವುದು ವಾಡಿಕೆ. ಅದರಲ್ಲಿ, ದುಃಖದಲ್ಲಿರುವವರನ್ನು ಕೆಲವು ದಿನ ಲೋಕದ ಬೇಡಿಕೆಗಳಿಂದ ಬಿಡಿಸುವ ದಯೆಯೂ ಇದೆ. ಬೆಕ್ಕಿನ ಸಾವಿಗೆ ಶಾಸ್ತ್ರ ಸೂತಕವನ್ನು ವಿಧಿಸಿಲ್ಲ, ವಿಧಿಸಬೇಕಾಗಿಯೂ ಇಲ್ಲ. ಪಕ್ಕದ ಮನೆಯ ಬೆಕ್ಕು ಸತ್ತ ಸುದ್ದಿ ಕಿವಿಗೆ ಬಿದ್ದ ದಿನ ಸಂಜೆ ಐದು ನಿಮಿಷ ಹೋಗಿ ಕೂತು, ‘ಹೇಗಾಯಿತು?’ ಎಂದು ಕೇಳಿದರೆ ಸಾಕು. ಮರಿಯ ಮಾತನ್ನು ಎತ್ತಬೇಡಿ. ಅವರು ಹೇಳುವುದನ್ನು ಕೊನೆಯವರೆಗೆ ಕೇಳಿ, ಕಾಫಿ ಕೊಟ್ಟರೆ ಕುಡಿದು ಬನ್ನಿ.