ಹೆಸರು ಉಳಿಯಿತು, ನಾಲಿಗೆ ಹೋಯಿತು!
(ಯುವಜನರ ಸಭೆಯಲ್ಲಿ ಆಡಿದ ಮಾತು)



ಇಂಗ್ಲಿಷ್ ಯಾವ ಯಾವ ಭಾಷೆಗಳನ್ನು ನುಂಗಿತು ಎಂದು ಕೇಳಿದರೆ ನೀವು ಅಮೆರಿಕ ಎನ್ನುತ್ತೀರಿ, ಆಸ್ಟ್ರೇಲಿಯಾ ಎನ್ನುತ್ತೀರಿ. ಅಷ್ಟು ದೂರ ಹೋಗಬೇಡಿ. ತನ್ನ ಮನೆಯ ಪಡಸಾಲೆಯಲ್ಲಿದ್ದ ಭಾಷೆಯನ್ನೂ ಅದು ಬಿಟ್ಟಿಲ್ಲ!

ಇಂಗ್ಲೆಂಡಿನ ನೈಋತ್ಯ ತುದಿಯಲ್ಲಿ ಕಾರ್ನ್‌ವಾಲ್ ಎಂಬ ಸೀಮೆ ಇದೆ. ಅಲ್ಲಿನ ಪುಟ್ಟ ಕಡಲೂರು ಸೇಂಟ್ ಐವ್ಸ್. ಚಿತ್ರಕಾರರ ಊರು, ಮರಳದಂಡೆಗಳ ಊರು ಎಂದು ಜಗತ್ತಿಗೆಲ್ಲ ಪರಿಚಿತ. ಆ ಊರಿಗೆ ಅದರದೇ ಕಾರ್ನಿಶ್ ನುಡಿಯಲ್ಲಿ ಬೇರೆ ಹೆಸರಿದೆ: ಪೋರ್ತ್ ಈಯಾ. 'ಪೋರ್ತ್' ಎಂದರೆ ದೋಣಿ ತಂಗುವ ರೇವು. ಅಲ್ಲಿನ ಮರಳದಂಡೆಗಳ ಹೆಸರು ಕೇಳಿ: ಪೋರ್ತ್‌ಮಿಯರ್, ಪೋರ್ತ್‌ಮಿನ್‌ಸ್ಟರ್, ಪೋರ್ತ್‌ಗ್ವಿಡೆನ್. ಪೋರ್ತ್‌ಮಿಯರ್ ಎಂದರೆ ದೊಡ್ಡ ರೇವು. ನುಡಿ ಸತ್ತರೂ ಹೆಸರು ಸಾಯಲಿಲ್ಲ. ನಮ್ಮ ಗೋಕರ್ಣದಲ್ಲಿ ಇದು ತಿರುಗುಮುರುಗು. ಕನ್ನಡ ಬದುಕಿದೆ, ಆದರೆ ದಂಡೆಗಳಿಗೆ ಹಾಫ್ ಮೂನ್ ಅಂತೆ, ಪ್ಯಾರಡೈಸ್ ಅಂತೆ! ಕುಡ್ಲೆ ಹೇಗೋ ಉಳಿದುಕೊಂಡಿದೆ.

ಆ ನಾಲಿಗೆ ಹೋದದ್ದು ಹೇಗೆ? 1549ರಲ್ಲಿ ಲಂಡನ್ನಿನ ಆಡಳಿತವು ಎಲ್ಲ ಇಗರ್ಜಿಗಳಲ್ಲೂ ಇಂಗ್ಲಿಷ್ ಪ್ರಾರ್ಥನಾ ಪುಸ್ತಕವನ್ನೇ ಓದಬೇಕೆಂದು ಕಟ್ಟಪ್ಪಣೆ ಮಾಡಿತು. ನಮ್ಮಲ್ಲಿ ಕೆಲವರಿಗೆ ಇಂಗ್ಲಿಷೇ ಬಾರದು, ಈ ಹೊಸ ಪೂಜೆ ನಮಗೆ ಬೇಡ ಎಂದು ಕಾರ್ನ್‌ವಾಲಿನ ಜನ ದಂಗೆ ಎದ್ದರು. ಅವರು ಕೇಳಿದ್ದು ಹಳೆಯ ಲ್ಯಾಟಿನ್ ಪೂಜೆಯನ್ನು. ಧರ್ಮದ ಜಗಳವೂ ಅದರಲ್ಲಿ ಬೆರೆತಿತ್ತು, ಅದನ್ನು ಮುಚ್ಚಿಡಬೇಕಿಲ್ಲ. ದಂಗೆಯನ್ನು ರಕ್ತದಲ್ಲಿ ಮುಳುಗಿಸಿದರು. ಆಗ ಸೇಂಟ್ ಐವ್ಸ್‌ನ ಊರ ಮುಖಂಡ ಜಾನ್ ಪೇಯ್ನ್. ದೊರೆಯ ದಂಡಾಧಿಕಾರಿ ಆಂಥೊನಿ ಕಿಂಗ್‌ಸ್ಟನ್ ಊರಿಗೆ ಬಂದು ಅವನನ್ನು ಊಟಕ್ಕೆ ಕರೆದ. ಊಟ ಮುಗಿಯುವುದರೊಳಗೆ ಒಂದು ಗಲ್ಲುಗಂಬ ನಿಲ್ಲಿಸಲು ಹೇಳು ಎಂದ. ಪೇಯ್ನ್ ಹೇಳಿ ಕಳುಹಿಸಿದ. ಉಂಡು ಎದ್ದು ಇಬ್ಬರೂ ಮಾತಾಡುತ್ತ ಅಲ್ಲಿಗೆ ನಡೆದರು. ಗಂಬ ಗಟ್ಟಿಯಿದೆಯೇ? ಇದೆ ಸ್ವಾಮಿ. ಹಾಗಾದರೆ ಹತ್ತು! ಈ ಕಥೆಯನ್ನು ಆ ಊರು ಇಂದಿಗೂ ಮರೆತಿಲ್ಲ.

ಗಲ್ಲಿಗಿಂತ ದೊಡ್ಡ ಪೆಟ್ಟು ಮತ್ತೊಂದಿದೆ, ಗಮನಿಸಿ. ನೆರೆಯ ವೇಲ್ಸ್ ಜನಕ್ಕೆ 1588ರಲ್ಲಿ ಅವರದೇ ನುಡಿಯಲ್ಲಿ ಇಡೀ ಬೈಬಲ್ ಅಚ್ಚಾಗಿ ಬಂತು. ವೆಲ್ಷ್ ನುಡಿ ಉಳಿಯಿತು. ಕಾರ್ನಿಶ್‌ಗೆ ಆಗ ಬೈಬಲ್ಲೂ ಇಲ್ಲ, ಪ್ರಾರ್ಥನಾ ಪುಸ್ತಕವೂ ಇಲ್ಲ. ದೇವರ ಮುಂದೆ, ಕಚೇರಿಯ ಮುಂದೆ ಆಡಲಾಗದ ಮಾತು ಅಡುಗೆಮನೆಯಲ್ಲಿ ಎಷ್ಟು ದಿನ ಬಾಳೀತು? ಆ ನುಡಿಯ ಕೊನೆಯ ಮಾತುಗಾರ್ತಿ ಎಂದು ಹೆಸರಾದ ಮೌಸ್‌ಹೋಲ್ ಎಂಬ ಹಳ್ಳಿಯ ಮೀನು ಮಾರುವ ಮುದುಕಿ ಡಾಲಿ ಪೆಂಟ್ರೀತ್ 1777ರಲ್ಲಿ ತೀರಿಕೊಂಡಳು.

ಚಿತ್ರಕಾರರು ಬಂದದ್ದು ಆಮೇಲೆ. ಅವರ ತಲೆಗೆ ಕೊಲೆಯ ಪಾಪ ಕಟ್ಟಬೇಡಿ. 1877ರಲ್ಲಿ ರೈಲು ಬಂತು. ನಮ್ಮ ಬೂತಾಯಿಯ ದಾಯಾದಿಯಾದ ಪಿಲ್ಚರ್ಡ್ ಮೀನಿನ ಕಸುಬು ಕುಸಿಯಿತು. ಹಾಯಿ ಹೊಲಿಯುತ್ತಿದ್ದ ಅಟ್ಟಗಳು ಚಿತ್ರಶಾಲೆಗಳಾದವು. 1920ರಲ್ಲಿ ಬರ್ನಾರ್ಡ್ ಲೀಚ್ ಮತ್ತು ಜಪಾನಿನ ಹಮಾದಾ ಅಲ್ಲಿ ಕುಂಬಾರಿಕೆಯ ಆವಿಗೆ ಹೂಡಿದರು. ಶಿಲ್ಪಿ ಬಾರ್ಬರಾ ಹೆಪ್ವರ್ತ್ 1939ರಲ್ಲಿ ಬಂದು 1975ರಲ್ಲಿ ಸಾಯುವವರೆಗೂ ಅಲ್ಲೇ ಇದ್ದಳು. ಇವರ ನಡುವೆ ಆಲ್‌ಫ್ರೆಡ್ ವಾಲಿಸ್ ಎಂಬ ಮುದುಕ ಕಡಲಾಳು. ಎಪ್ಪತ್ತರ ಹತ್ತಿರದಲ್ಲಿ ಕುಂಚ ಹಿಡಿದು ಹರಿದ ರಟ್ಟಿನ ಮೇಲೆ ದೋಣಿಯ ಬಣ್ಣದಿಂದ ಹಡಗು ಬರೆದವ. 1942ರಲ್ಲಿ ಬಡವರ ಧರ್ಮಶಾಲೆಯಲ್ಲಿ ಸತ್ತ. 1993ರಲ್ಲಿ ಪೋರ್ತ್‌ಮಿಯರ್ ದಂಡೆಯ ಎದುರಿಗೇ ಟೇಟ್ ಕಲಾಭವನ ಎದ್ದು ನಿಂತಿತು.

ಸತ್ತ ನುಡಿಯನ್ನು ಎಬ್ಬಿಸುವ ಕೆಲಸವೂ ನಡೆಯಿತು. ಹೆನ್ರಿ ಜೆನ್ನರ್ 1904ರಲ್ಲಿ ಕಾರ್ನಿಶ್ ಕೈಪಿಡಿ ಬರೆದ. ಲಂಡನ್ ಸರ್ಕಾರ ಆ ನುಡಿಯನ್ನು ಮಾನ್ಯ ಮಾಡಿದ್ದು 2002ರಲ್ಲಿ, ತೊಂಬತ್ತೆಂಟು ವರ್ಷ ಕಳೆದ ಮೇಲೆ! 2016ರಲ್ಲಿ ಅದಕ್ಕೆ ಕೊಡುತ್ತಿದ್ದ ಹಣವನ್ನೂ ಕಡಿಯಿತು.

ಅದೇ 2016ರ ಮೇ ತಿಂಗಳಲ್ಲಿ ಸೇಂಟ್ ಐವ್ಸ್‌ನ ಜನ ಮತಗಟ್ಟೆಗೆ ಹೋದರು. ಊರಿನ ಮನೆಗಳಲ್ಲಿ ಸುಮಾರು ನಾಲ್ಕರಲ್ಲೊಂದು ಹೊರಗಿನ ಹಣವಂತರ ರಜೆಯ ಮನೆ. ಊರ ಹುಡುಗರಿಗೆ ಮನೆ ಕೈಗೆಟುಕದು. ಹೊಸದಾಗಿ ಕಟ್ಟುವ ಮನೆ ವರ್ಷವಿಡೀ ಅಲ್ಲೇ ಬಾಳುವವರಿಗೆ ಮಾತ್ರ ಎಂಬ ನಿಯಮಕ್ಕೆ ಮತ ಹಾಕಿದವರಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಮಂದಿ ಹೌದು ಎಂದರು. ಕಟ್ಟಡದ ಕಂಪನಿಯೊಂದು ಕೋರ್ಟಿಗೆ ಹೋಗಿ ಸೋತಿತು. ಆದರೆ ನಿಯಮ ಹೊಸ ಮನೆಗಳಿಗಷ್ಟೇ. ಬಂದರಿನ ಬದಿಯ ಬೆಸ್ತರ ಹಳೆಯ ಮನೆಗಳನ್ನು ಈಗಲೂ ಯಾರು ಬೇಕಾದರೂ ಕೊಳ್ಳಬಹುದು.